ಸಿಕ್ಸ್ತ್ ಫಾರ್ಮ್: ಆರನೇ ಕ್ಲಾಸೂ ಅಲ್ಲ, ಅಪ್ಪ ಓದಿದ್ದೂ ಅಲ್ಲ

ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಅಕ್ಕನ ಮಗಳು ಕಳೆದ ಅಕ್ಟೋಬರಿನಲ್ಲಿ ಫೋನು ಮಾಡಿ, "ಅಜ್ಜ, ನಾನು ಸಿಕ್ಸ್ತ್ ಫಾರ್ಮಿಗೆ ಅಪ್ಲೈ ಮಾಡ್ತಿದ್ದೇನೆ" ಅಂದಳು. ಪುತ್ತೂರಿನ ಮನೆಯ ಜಗಲಿಯಲ್ಲಿ ಕೂತಿದ್ದ ಅಪ್ಪನಿಗೆ ಖುಷಿಯೋ ಖುಷಿ. "ಹೌದಾ ಮಾರಾಯ್ತಿ! ನಾನೂ ಸಿಕ್ಸ್ತ್ ಫಾರ್ಮ್ ಪಾಸಾದವನೇ" ಅಂದರು. ಪಕ್ಕದಲ್ಲಿದ್ದ ನನ್ನ ಮಗನಿಗೆ ಮಾತ್ರ ಅನುಮಾನ. "ಅಕ್ಕ ಈಗ ಹನ್ನೊಂದನೇ ಕ್ಲಾಸಲ್ವಾ? ಪುನಃ ಆರನೇ ಕ್ಲಾಸಿಗೆ ಎಂತಕ್ಕೆ?"

ಮೂರು ಜನ, ಒಂದೇ ಪದ, ಮೂರು ಅರ್ಥ. ಇಂಗ್ಲೆಂಡಿನಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡದ ಮನೆಗಳಲ್ಲಿ ಈ ಗೊಂದಲ ಆಗಾಗ ಏಳುತ್ತದೆ. ಹಾಗಾಗಿ ಪದದಿಂದಲೇ ಶುರು ಮಾಡೋಣ.

ಇಲ್ಲಿ 'ಫಾರ್ಮ್' ಎಂದರೆ ನಾವು ತುಂಬಿಸುವ ಅರ್ಜಿ ಫಾರಂ ಅಲ್ಲ. ಶಾಲೆಯ ತರಗತಿ. ಹಳೆಯ ಇಂಗ್ಲಿಷಿನಲ್ಲಿ ಬೆನ್ನು ಒರಗಲು ಹಲಗೆ ಇಲ್ಲದ ಉದ್ದ ಬೆಂಚಿಗೂ ಫಾರ್ಮ್ ಅನ್ನುತ್ತಿದ್ದರು. ಒಂದು ಬೆಂಚಿನಲ್ಲಿ ಕೂರುವ ಮಕ್ಕಳೆಲ್ಲ ಒಂದು ಫಾರ್ಮ್, ಅಲ್ಲಿಂದಲೇ ತರಗತಿಗೆ ಆ ಹೆಸರು ಬಂತು ಅಂತ ಹೇಳುವುದುಂಟು. ಇಂಗ್ಲೆಂಡಿನ ಸೆಕೆಂಡರಿ ಶಾಲೆಗೆ ಹನ್ನೊಂದನೇ ವಯಸ್ಸಿಗೆ ಸೇರಿದ ಮಗು ಮೊದಲು ಫಸ್ಟ್ ಫಾರ್ಮ್, ಆಮೇಲೆ ಸೆಕೆಂಡ್, ಹೀಗೆ ಫಿಫ್ತ್ ಫಾರ್ಮಿನವರೆಗೆ ಹೋಗುತ್ತಿತ್ತು. ಹದಿನಾರಾದಾಗ ಹೆಚ್ಚಿನವರು ಶಾಲೆ ಬಿಡುತ್ತಿದ್ದರು. ಯೂನಿವರ್ಸಿಟಿಗೆ ಹೋಗಬೇಕೆನ್ನುವವರು ಮಾತ್ರ ಇನ್ನೆರಡು ವರ್ಷ ಉಳಿಯುತ್ತಿದ್ದರು. ಆ ಎರಡೂ ವರ್ಷ ಸೇರಿ ಸಿಕ್ಸ್ತ್ ಫಾರ್ಮ್. ಮೊದಲನೆಯದು ಲೋವರ್ ಸಿಕ್ಸ್ತ್, ಎರಡನೆಯದು ಅಪ್ಪರ್ ಸಿಕ್ಸ್ತ್.

1988ರ ಶಿಕ್ಷಣ ಕಾಯ್ದೆಯ ನಂತರ ಅಲ್ಲಿ ತರಗತಿಗಳನ್ನು ಎಣಿಸುವ ಕ್ರಮ ಬದಲಾಯಿತು. ಈಗ ಇಯರ್ ಒಂದರಿಂದ ಹದಿಮೂರರವರೆಗೆ ಒಂದೇ ಸಾಲು. ಹಳೆಯ ಫಸ್ಟ್ ಫಾರ್ಮ್ ಈಗ ಇಯರ್ ಸೆವೆನ್, ಫಿಫ್ತ್ ಫಾರ್ಮ್ ಈಗ ಇಯರ್ ಇಲೆವೆನ್. ಉಳಿದ ಫಾರ್ಮುಗಳ ನಂಬರು ಹೋಯಿತು, ಆರನೆಯದರ ಹೆಸರು ಮಾತ್ರ ಗಟ್ಟಿಯಾಗಿ ಕೂತುಬಿಟ್ಟಿತು. ಐದು ಅಣ್ಣಂದಿರು ಮನೆ ಬಿಟ್ಟ ಮೇಲೆ ಹಳೆ ಮನೆಯಲ್ಲಿ ಒಬ್ಬನೇ ಉಳಿದ ತಮ್ಮನ ಹಾಗೆ. ಅದಕ್ಕೇ ಹೊರಗಿನವರಿಗೆ ಒಂದರಿಂದ ಐದು ಎಲ್ಲಿ ಹೋಯಿತು ಅಂತ ತಲೆ ಕೆಡುತ್ತದೆ.

ಇನ್ನು ಅಪ್ಪನ ಸಿಕ್ಸ್ತ್ ಫಾರ್ಮ್. ಅದು ಸುಳ್ಳಲ್ಲ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಮದ್ರಾಸಿನ ಕ್ರಮದಲ್ಲಿ ಎಲಿಮೆಂಟರಿ ಶಾಲೆಯ ಐದು ಕ್ಲಾಸು ಮುಗಿದ ಮೇಲೆ ಫಸ್ಟ್ ಫಾರ್ಮ್. ಫೋರ್ತ್ ಫಾರ್ಮಿನಿಂದ ಹೈಸ್ಕೂಲು. ಸಿಕ್ಸ್ತ್ ಫಾರ್ಮ್ ಅಂದರೆ ಓದಿನ ಹನ್ನೊಂದನೇ ವರ್ಷ, ಅದರ ಕೊನೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಮಂಗಳೂರು, ಉಡುಪಿ, ಬಳ್ಳಾರಿ ಕಡೆಯ ಎಂಬತ್ತು ದಾಟಿದ ಹಿರಿಯರು ಈಗಲೂ "ನಾನು ಥರ್ಡ್ ಫಾರ್ಮಿನಲ್ಲಿದ್ದಾಗ" ಅಂತ ಕಥೆ ಶುರು ಮಾಡುವುದು ಇದರಿಂದಲೇ. ಮೈಸೂರು ಸೀಮೆಯವರಿಗೆ ಈ ಮಾತು ಅಷ್ಟು ಬಳಕೆಯಲ್ಲಿಲ್ಲ. ಅಂದರೆ ಅಪ್ಪ ಸಿಕ್ಸ್ತ್ ಫಾರ್ಮ್ ಮುಗಿಸಿ ಎಸ್ಸೆಸ್ಸೆಲ್ಸಿ ಪಾಸಾದರು. ಮೊಮ್ಮಗಳು ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆ ಮುಗಿಸಿ ಸಿಕ್ಸ್ತ್ ಫಾರ್ಮಿಗೆ ಹೋಗುತ್ತಾಳೆ. ಹೆಸರು ಒಂದೇ ಆದರೂ ಅಪ್ಪನಿಗೆ ಅದು ಹೊರಗೆ ಹೋಗುವ ಬಾಗಿಲು, ಅವಳಿಗೆ ಒಳಗೆ ಬರುವ ಬಾಗಿಲು.

ಆ ಪರೀಕ್ಷೆಯ ಹೆಸರು ಜಿಸಿಎಸ್‌ಇ. ಅದಕ್ಕೂ ಮೊದಲು ಓ ಲೆವೆಲ್ ಇತ್ತು. 1988ರಿಂದ ಜಿಸಿಎಸ್‌ಇ. ಇಯರ್ ಇಲೆವೆನ್‌ನ ಕೊನೆಗೆ, ಮೇ ಮತ್ತು ಜೂನಿನಲ್ಲಿ ಬರೆಯುತ್ತಾರೆ. ಮೊದಲು ಎ, ಬಿ, ಸಿ ಅಂತ ಇದ್ದ ಗ್ರೇಡು ಇಂಗ್ಲೆಂಡಿನಲ್ಲಿ 2017ರಿಂದ ಅಂಕಿಯಾಗಿ ಬದಲಾಗಿದೆ. 9 ಎಲ್ಲಕ್ಕಿಂತ ಮೇಲೆ, 1 ಎಲ್ಲಕ್ಕಿಂತ ಕೆಳಗೆ. 4 ಬಂದರೆ ಪಾಸು. "ನಾಲ್ಕು ಬಂದಿದೆ" ಅಂದ ಕೂಡಲೇ ಊರಿನಿಂದ ಅಭಿನಂದನೆ ಹೇಳಬೇಡಿ, ರ‍್ಯಾಂಕ್ ಅಂದುಕೊಂಡು.

ಜಿಸಿಎಸ್‌ಇ ಆದ ಮೇಲೆ ಎರಡು ವರ್ಷ ಓದುವುದು ಎ ಲೆವೆಲ್. ಇದು 1951ರಿಂದ ಇದೆ. ಈಗ ವಯಸ್ಸಿನಲ್ಲಿ ಲೆಕ್ಕ ಹಾಕಿ: ಹದಿನಾರರಿಂದ ಹದಿನೆಂಟು. ನಮ್ಮ ಪಿಯುಸಿ. ಅದಕ್ಕೇ ಯಾರಾದರೂ ಕೇಳಿದರೆ ಎಲ್ಲರೂ "ಸಿಕ್ಸ್ತ್ ಫಾರ್ಮ್ ಅಂದ್ರೆ ಅಲ್ಲಿಯ ಪಿಯುಸಿ" ಅಂದುಬಿಡುತ್ತಾರೆ. ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲು ಅರ್ಜಿ ಹಾಕುವಾಗ ಕಾಡುತ್ತದೆ.

ಮೊದಲಿಗೆ ಜಾಗದ ಮಾತು. ಸಿಕ್ಸ್ತ್ ಫಾರ್ಮ್ ಓದಲು ಎರಡು ಬಗೆಯ ಜಾಗ ಇವೆ. ಒಂದು, ಶಾಲೆಗೇ ಅಂಟಿಕೊಂಡ ಸಿಕ್ಸ್ತ್ ಫಾರ್ಮ್. ನಮ್ಮ ಹೈಸ್ಕೂಲಿನ ಜೊತೆಗೇ ಇರುವ ಪದವಿಪೂರ್ವ ಕಾಲೇಜಿನ ಹಾಗೆ. ಇನ್ನೊಂದು, ಹದಿನಾರು ದಾಟಿದವರಿಗೆ ಮಾತ್ರ ಇರುವ ಬೇರೆಯೇ ಸಿಕ್ಸ್ತ್ ಫಾರ್ಮ್ ಕಾಲೇಜು. ಈ ಎರಡನೆಯದು ಹುಟ್ಟಿದ್ದಕ್ಕೆ ಸರಳ ಕಾರಣ ಇದೆ. ಸಣ್ಣ ಶಾಲೆಯಲ್ಲಿ ಫಿಸಿಕ್ಸ್‌ಗೆ ಐದು ಮಕ್ಕಳು, ಜರ್ಮನ್‌ಗೆ ಇಬ್ಬರು ಇದ್ದರೆ ಅಷ್ಟಕ್ಕಾಗಿ ಮೇಷ್ಟ್ರನ್ನು ಇಡುವುದು ಕಷ್ಟ. ಸುತ್ತಲಿನ ನಾಲ್ಕೈದು ಶಾಲೆಗಳ ಮಕ್ಕಳನ್ನು ಒಂದೇ ಕಡೆ ಸೇರಿಸಿದರೆ ಎಲ್ಲ ವಿಷಯಕ್ಕೂ ತರಗತಿ ತುಂಬುತ್ತದೆ. 1966ರಲ್ಲಿ ಲೂಟನ್‌ನಲ್ಲಿ ಶುರುವಾದದ್ದು ಇಂಥ ಮೊದಲ ಕಾಲೇಜುಗಳಲ್ಲಿ ಒಂದು. ಕೇಂಬ್ರಿಡ್ಜ್‌ನ ಹಿಲ್ಸ್ ರೋಡ್ ಕಾಲೇಜು ಮೊದಲು ಗಂಡುಮಕ್ಕಳ ಹೈಸ್ಕೂಲಾಗಿತ್ತು, 1974ರಲ್ಲಿ ಸಿಕ್ಸ್ತ್ ಫಾರ್ಮ್ ಕಾಲೇಜಾಯಿತು. ವಿಂಚೆಸ್ಟರ್‌ನ ಪೀಟರ್ ಸೈಮಂಡ್ಸ್ ಕೂಡ ಅದೇ ವರ್ಷ ಹಾಗೆ ಬದಲಾಯಿತು.

ಎರಡರ ಗಾಳಿಯೇ ಬೇರೆ. ಶಾಲೆಯ ಸಿಕ್ಸ್ತ್ ಫಾರ್ಮಿನಲ್ಲಿ ಯೂನಿಫಾರಂ ಬದಲು ಆಫೀಸಿಗೆ ಹೋಗುವವರ ಹಾಗೆ ಕೋಟು ಹಾಕಿಕೊಂಡು ಬನ್ನಿ ಅನ್ನುವುದುಂಟು. ಕಾಲೇಜಿನಲ್ಲಿ ಸಾಮಾನ್ಯವಾಗಿ ಜೀನ್ಸ್ ನಡೆಯುತ್ತದೆ, ಮೇಷ್ಟ್ರನ್ನು ಹೆಸರು ಹಿಡಿದು ಕರೆಯುವುದೂ ಅಲ್ಲಿ ಸಹಜ. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಕೈಲಿದ್ದ ಕಾಫಿ ಲೋಟ ಕೆಳಗಿಟ್ಟರು.

ಸರಕಾರದ ಹಣದಲ್ಲಿ ನಡೆಯುವ ಸಿಕ್ಸ್ತ್ ಫಾರ್ಮಿಗೆ, ಅದು ಶಾಲೆಯಾಗಲಿ ಕಾಲೇಜಾಗಲಿ, ಪಾಠದ ಫೀಸ್ ಇಲ್ಲ. ಪ್ರೈವೇಟ್ ಶಾಲೆಗಳ ಸಿಕ್ಸ್ತ್ ಫಾರ್ಮ್ ಬೇರೆ ಲೋಕ, ಅದು ಇಲ್ಲಿ ಬೇಡ.

ಈಗ ಅರ್ಜಿಯ ವಿಷಯ. ನನಗೆ ಇಡೀ ಪದದಲ್ಲಿ ತುಂಬ ಹೊಸದಾಗಿ ಕಂಡದ್ದು ಇದೇ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ಬರಬೇಕು, ಮಾರ್ಕ್ಸ್ ಕಾರ್ಡ್ ಕೈಗೆ ಸಿಗಬೇಕು, ಆಮೇಲೆ ಕಾಲೇಜಿನ ಗೇಟಿನ ಮುಂದೆ ಸಾಲು. ಕಟಾಫ್ ಎಷ್ಟು, ಲಿಸ್ಟಿನಲ್ಲಿ ಹೆಸರು ಬಂತಾ, ಎರಡು ವಾರದಲ್ಲಿ ಎಲ್ಲ ಮುಗಿದುಹೋಗುತ್ತದೆ. ಅಲ್ಲಿ ಹಾಗಲ್ಲ. ಪರೀಕ್ಷೆಗೆ ಏಳೆಂಟು ತಿಂಗಳು ಇರುವಾಗಲೇ ಅರ್ಜಿ ಹಾಕುತ್ತಾರೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಓಪನ್ ಈವ್ನಿಂಗ್ ಇರುತ್ತದೆ. ಸಂಜೆ ಹೊತ್ತು ಅಪ್ಪ ಅಮ್ಮ ಮಗು ಹೋಗಿ ಲ್ಯಾಬು, ಲೈಬ್ರರಿ ನೋಡಿ, ಮೇಷ್ಟ್ರ ಹತ್ತಿರ ಮಾತಾಡಿ ಬರುತ್ತಾರೆ. ಕೊನೆಯ ದಿನ ಒಂದೊಂದು ಕಾಲೇಜಿಗೆ ಒಂದೊಂದು, ಹೆಚ್ಚಾಗಿ ಡಿಸೆಂಬರ್ ಜನವರಿಯ ಆಸುಪಾಸು. ಇಡೀ ದೇಶಕ್ಕೆ ಒಂದೇ ಕೌನ್ಸೆಲಿಂಗ್ ಅನ್ನುವುದಿಲ್ಲ. ನೇರ ಆಯಾ ಕಾಲೇಜಿಗೇ ಆನ್‌ಲೈನ್‌ನಲ್ಲಿ ಅರ್ಜಿ. ಹಾಗಾಗಿ ಎರಡು ಮೂರು ಕಡೆ ಹಾಕಿ ಇಟ್ಟುಕೊಳ್ಳುವುದು ಬುದ್ಧಿವಂತಿಕೆ. ತನ್ನದೇ ಶಾಲೆಗೆ ಸಿಕ್ಸ್ತ್ ಫಾರ್ಮ್ ಇದ್ದರೆ ಅಲ್ಲಿಗೂ ಹೆಸರು ಕೊಟ್ಟಿರುತ್ತಾರೆ.

ಹಾಗಾದರೆ ಮಾರ್ಕ್ಸ್ ಇಲ್ಲದೆ ಸೀಟು ಹೇಗೆ ಕೊಡುತ್ತಾರೆ? ಇಲ್ಲಿ ಬರುತ್ತದೆ ಪ್ರೆಡಿಕ್ಟೆಡ್ ಗ್ರೇಡ್. ಈ ಹುಡುಗಿಗೆ ಮ್ಯಾಥ್ಸ್‌ನಲ್ಲಿ 8 ಬರಬಹುದು, ಹಿಸ್ಟರಿಯಲ್ಲಿ 7 ಬರಬಹುದು ಅಂತ ಶಾಲೆಯ ಮೇಷ್ಟ್ರು ಅಂದಾಜು ಮಾಡುವುದು. ಚಳಿಗಾಲದಲ್ಲಿ ನಡೆಯುವ ಮಾಕ್ ಪರೀಕ್ಷೆ, ಅಂದರೆ ನಮ್ಮ ಪ್ರಿಪರೇಟರಿ, ಇದಕ್ಕೆ ಒಂದು ಆಧಾರ. ನಮ್ಮಲ್ಲಿ ಪ್ರಿಪರೇಟರಿಯನ್ನು ಎಷ್ಟೋ ಮಕ್ಕಳು ಹಗುರ ಮಾಡುತ್ತಾರೆ, ಅಲ್ವಾ? ಅಲ್ಲಿ ಹಗುರ ಮಾಡಿದರೆ ಅರ್ಜಿಗೇ ಪೆಟ್ಟು.

ಅರ್ಜಿಯ ಜೊತೆಗೆ ಪರ್ಸನಲ್ ಸ್ಟೇಟ್‌ಮೆಂಟ್ ಅಂತ ಸಣ್ಣ ಬರಹ ಕೇಳುವುದುಂಟು. ನಾನು ಯಾರು, ಈ ವಿಷಯ ಯಾಕೆ ಓದಬೇಕು ಅನ್ನುವುದು. ಅಕ್ಕನ ಮಗಳ ಮೊದಲ ಕರಡನ್ನು ಅಕ್ಕನೇ ಬರೆದಿದ್ದಳು. ಭರತನಾಟ್ಯ, ಸ್ಪೆಲ್ಲಿಂಗ್ ಬೀ, ಚೆಸ್ ಮೆಡಲ್, ಎಲ್ಲ ತುಂಬಿತ್ತು. ಕೆಮಿಸ್ಟ್ರಿ ಯಾಕೆ ಬೇಕು ಅನ್ನುವುದಕ್ಕೆ ಒಂದು ಸಾಲೂ ಇರಲಿಲ್ಲ. ಮಗಳು ಎಲ್ಲ ಹೊಡೆದುಹಾಕಿ, ಸ್ಟವ್ ಮೇಲೆ ಉಪ್ಪಿನ ನೀರು ಉಕ್ಕಿದಾಗ ಗ್ಯಾಸಿನ ಜ್ವಾಲೆ ಹಳದಿಯಾದದ್ದು ನೋಡಿದ್ದರ ಬಗ್ಗೆ ಬರೆದಳು. ಮಗಳದ್ದೇ ಸರಿ ಅಂತ ನನ್ನ ಅಭಿಪ್ರಾಯ. ಅಕ್ಕನಿಗೆ ಹೇಳಿಲ್ಲ.

ಆಮೇಲೆ ಕೆಲವು ಕಾಲೇಜುಗಳು ಮಾತುಕತೆಗೆ ಕರೆಯುತ್ತವೆ. ಇಂಟರ್‌ವ್ಯೂ ಅಂದರೂ ಅದು ಹೆಚ್ಚಾಗಿ ನೀನು ಆರಿಸಿದ ವಿಷಯ ನಿನಗೆ ಹೊಂದುತ್ತದಾ ಅಂತ ನೋಡುವ ಹರಟೆ. ವಸಂತದ ಹೊತ್ತಿಗೆ ಪತ್ರ ಬರುತ್ತದೆ. ಅದರಲ್ಲಿ ಇರುವ ಮಾತು: ಕಂಡೀಷನಲ್ ಆಫರ್. ಷರತ್ತಿನ ಸೀಟು. ಇಂಥ ಇಂಥ ಗ್ರೇಡ್ ಬಂದರೆ ನಿನಗೆ ಜಾಗ ಉಂಟು. ಸಾಮಾನ್ಯವಾಗಿ ಕನಿಷ್ಠ ಐದು ವಿಷಯದಲ್ಲಿ 4 ಅಥವಾ 5, ಓದಬೇಕೆಂದಿರುವ ವಿಷಯದಲ್ಲಿ 6 ಅಥವಾ 7 ಕೇಳುತ್ತಾರೆ. ಎ ಲೆವೆಲ್ ಮ್ಯಾಥ್ಸ್‌ಗೆ 7 ಬೇಕು ಅನ್ನುವ ಕಡೆಗಳು ಬೇಕಾದಷ್ಟಿವೆ. ಪೈಪೋಟಿ ಜೋರಾಗಿರುವಲ್ಲಿ ಇನ್ನೂ ಜಾಸ್ತಿ.

"ಸೀಟು ಸಿಕ್ಕಿತಾ?" ಅಂತ ಅಪ್ಪ ಮಾರ್ಚಿನಲ್ಲಿ ಕೇಳಿದರು.

"ಸಿಕ್ಕಿದೆ ಅಜ್ಜ. ಆದರೆ ಪರೀಕ್ಷೆ ಆಗ್ಬೇಕು."

"ಪರೀಕ್ಷೆ ಆಗದೆ ಸೀಟು ಕೊಟ್ಟದ್ದೆಂತಕ್ಕೆ?"

ಅಪ್ಪನ ಪ್ರಶ್ನೆಗೆ ನನಗೆ ಹೊಳೆದ ಉತ್ತರ ಇಷ್ಟು: ಕಾಲೇಜಿಗೆ ಮುಂದಿನ ವರ್ಷ ಯಾವ ವಿಷಯಕ್ಕೆ ಎಷ್ಟು ಮಕ್ಕಳು ಅಂತ ಮೊದಲೇ ಗೊತ್ತಾದರೆ ಮೇಷ್ಟ್ರನ್ನು, ಟೈಮ್‌ಟೇಬಲನ್ನು ಹೊಂದಿಸಬಹುದು. ರಿಸಲ್ಟ್ ಬರುವುದು ಆಗಸ್ಟ್ ಕೊನೆಯ ಕಡೆಯ ಒಂದು ಗುರುವಾರ. 2025ರಲ್ಲಿ 21ನೇ ತಾರೀಕು. ತರಗತಿ ಶುರುವಾಗುವುದು ಸೆಪ್ಟೆಂಬರ್ ಆರಂಭದಲ್ಲಿ. ನಡುವೆ ಇರುವ ಆ ಹತ್ತು ಹದಿನೈದು ದಿನದಲ್ಲಿ ಎಲ್ಲ ಅರ್ಜಿ ಶುರುವಿನಿಂದ ನೋಡಿ ಮುಗಿಸುವುದು ಆಗದ ಮಾತು. ಮಕ್ಕಳಿಗೂ ಒಂದು ಲಾಭ ಇದೆ. ಮುಂದೆ ಎಷ್ಟು ಗ್ರೇಡ್ ಬೇಕು ಅಂತ ಗೊತ್ತಿದ್ದು ಓದುತ್ತಾರೆ. ನಷ್ಟವೂ ಇದೆ. ಮೇಷ್ಟ್ರ ಅಂದಾಜು ಕಡಿಮೆ ಇದ್ದರೆ, ಪರೀಕ್ಷೆಯಲ್ಲಿ ಮಿಂಚುವ ಮಗುವಿಗೆ ಒಳ್ಳೆಯ ಕಾಲೇಜಿನ ಬಾಗಿಲು ಮೊದಲೇ ಮುಚ್ಚಿರಬಹುದು.

ರಿಸಲ್ಟ್ ದಿನ ಮಕ್ಕಳು ಬೆಳಿಗ್ಗೆ ಶಾಲೆಗೆ ಹೋಗಿ ಲಕೋಟೆ ತೆಗೆದುಕೊಂಡು, ಅದನ್ನು ಹಿಡಿದುಕೊಂಡು ಕಾಲೇಜಿಗೆ ಹೋಗಿ ಹೆಸರು ಬರೆಸುತ್ತಾರೆ. ಇದಕ್ಕೆ ಎನ್‌ರೋಲ್‌ಮೆಂಟ್ ಅನ್ನುತ್ತಾರೆ. ಸೀಟು ನಿಜಕ್ಕೂ ಸಿಗುವುದು ಆಗಲೇ. ಗ್ರೇಡ್ ಸ್ವಲ್ಪ ಕಡಿಮೆಯಾದರೂ ಸುಮ್ನೆ ಮನೆಗೆ ಹೋಗಬಾರದು. ಒಂದು ವಿಷಯ ಬದಲಿಸಿ ಸೇರಿಸಿಕೊಳ್ಳುವುದುಂಟು, ಜಾಗ ಖಾಲಿ ಇರುವ ಬೇರೆ ಕಾಲೇಜೂ ಸಿಗಬಹುದು. ಇಂಗ್ಲಿಷ್ ಅಥವಾ ಮ್ಯಾಥ್ಸ್‌ನಲ್ಲಿ 4 ಬಾರದವರು ಮುಂದಿನ ಓದಿನ ಜೊತೆಗೇ ಅದನ್ನೂ ಓದುತ್ತಿರಬೇಕು. ಅವೆರಡಕ್ಕೆ ನವೆಂಬರಿನಲ್ಲಿ ಮತ್ತೆ ಪರೀಕ್ಷೆ ಇರುತ್ತದೆ.

ನಮ್ಮವರು ನಿಜವಾಗಿ ಎಡವುವುದು ವಿಷಯ ಆರಿಸುವಾಗ. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ವಿಷಯ. ಪಿಸಿಎಂಬಿ ಅಂದರೆ ಮುಗಿಯಿತು, ಗಂಟು ಕಟ್ಟಿಯೇ ಕೊಡುತ್ತಾರೆ. ಎ ಲೆವೆಲ್‌ನಲ್ಲಿ ಸಾಮಾನ್ಯವಾಗಿ ಮೂರೇ ವಿಷಯ, ಕೆಲವರು ನಾಲ್ಕು. ಭಾಷೆ ಕಡ್ಡಾಯ ಅಲ್ಲ, ಇಂಗ್ಲಿಷ್ ಕೂಡ. ಸೈನ್ಸ್, ಕಾಮರ್ಸ್, ಆರ್ಟ್ಸ್ ಅನ್ನುವ ಗೋಡೆಯೂ ಇಲ್ಲ. ಟೈಮ್‌ಟೇಬಲ್ ಹೊಂದಿದರೆ ಮ್ಯಾಥ್ಸ್, ಹಿಸ್ಟರಿ, ಮ್ಯೂಸಿಕ್ ಮೂರನ್ನೂ ಒಟ್ಟಿಗೆ ಓದಬಹುದು. ಕೇಳಲು ಚೆಂದ. ಆದರೆ ಹದಿನೈದು ಹದಿನಾರರ ಮಗು ಬಿಟ್ಟ ವಿಷಯ ಮುಂದೆ ಕಾಡಬಹುದು. ಕೆಮಿಸ್ಟ್ರಿ ಬಿಟ್ಟರೆ ಹೆಚ್ಚಿನ ಮೆಡಿಕಲ್ ಕಾಲೇಜುಗಳು ಸಿಗುವುದಿಲ್ಲ. ಮ್ಯಾಥ್ಸ್ ಇಲ್ಲದೆ ಇಂಜಿನಿಯರಿಂಗ್ ಕಷ್ಟ. ಎಕನಾಮಿಕ್ಸ್‌ಗೆ ಮ್ಯಾಥ್ಸ್ ಬೇಡ ಅಂದುಕೊಂಡವರಿಗೆ ಕೇಂಬ್ರಿಡ್ಜ್‌ನಂಥ ಕಡೆ ಬಾಗಿಲು ಮುಚ್ಚಿರುತ್ತದೆ. ಪರೀಕ್ಷೆಯೂ ಎರಡು ವರ್ಷದ ಕೊನೆಗೆ ಒಟ್ಟಿಗೇ. ನಮ್ಮ ಫಸ್ಟ್ ಪಿಯುಸಿಯ ಹಾಗೆ ಒಂದು ವರ್ಷ ಹಾರಾಡಿ ಎರಡನೇ ವರ್ಷ ಓದಿದರಾಯಿತು ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಎರಡನೇ ವರ್ಷದ ಆರಂಭಕ್ಕೇ ಯೂನಿವರ್ಸಿಟಿ ಅರ್ಜಿ ಶುರು. ಮೆಡಿಕಲ್, ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗೆ ಅಕ್ಟೋಬರ್ ಮಧ್ಯದೊಳಗೆ ಹಾಕಬೇಕು. ಅಲ್ಲೂ ಮತ್ತೆ ಪ್ರೆಡಿಕ್ಟೆಡ್ ಗ್ರೇಡ್, ಅದು ಮೊದಲ ವರ್ಷದ ಓದಿನ ಮೇಲೆ.

ಎಲ್ಲರೂ ಎ ಲೆವೆಲ್‌ಗೇ ಹೋಗಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ 2015ರಿಂದ ಹದಿನೆಂಟರವರೆಗೆ ಓದು ಅಥವಾ ತರಬೇತಿಯಲ್ಲಿ ಇರಲೇಬೇಕು. ಅದು ಅಪ್ರೆಂಟಿಸ್‌ಶಿಪ್ ಆಗಬಹುದು, ಬಿಟೆಕ್ ಅನ್ನುವ ಕೆಲಸದ ಕಡೆಯ ಕೋರ್ಸ್ ಆಗಬಹುದು. ಈ ಬಿಟೆಕ್ಕಿಗೂ ನಮ್ಮ ಇಂಜಿನಿಯರಿಂಗ್ ಡಿಗ್ರಿಗೂ ಸಂಬಂಧ ಇಲ್ಲ. "ಹದಿನಾರಕ್ಕೇ ಬಿಟೆಕ್ಕಾ!" ಅಂತ ಬೆರಗಾದ ನೆಂಟರೂ ನಮ್ಮಲ್ಲಿ ಇದ್ದಾರೆ. 2020ರಿಂದ ಟಿ ಲೆವೆಲ್ ಅಂತ ಇನ್ನೊಂದು ಬಂದಿದೆ, ನಮ್ಮ ಡಿಪ್ಲೊಮಾದ ದೂರದ ನೆಂಟ ಅನ್ನಬಹುದು.

ಬ್ರಿಟನ್ನಿನ ಎಲ್ಲ ಕಡೆ ಇದೇ ಕ್ರಮ ಅಂದುಕೊಳ್ಳಬೇಡಿ. ಸ್ಕಾಟ್ಲೆಂಡಿನಲ್ಲಿ ಜಿಸಿಎಸ್‌ಇಯೂ ಇಲ್ಲ, ಸಿಕ್ಸ್ತ್ ಫಾರ್ಮ್ ಕಾಲೇಜೂ ಇಲ್ಲ. ಅಲ್ಲಿ ಹೈಯರ್ಸ್ ಅನ್ನುವ ಬೇರೆ ಪರೀಕ್ಷೆ. ಹಾಗಾಗಿ ಎಡಿನ್‌ಬರದ ನೆಂಟರಿಗೆ "ಮಗ ಸಿಕ್ಸ್ತ್ ಫಾರ್ಮಾ?" ಅಂತ ಕೇಳಿದರೆ ಅವರೂ ನನ್ನ ಮಗನ ಹಾಗೆ ಮುಖ ನೋಡಬಹುದು. ಅತ್ತ ಮಲೇಷ್ಯಾದಲ್ಲಿ, ಬ್ರಿಟಿಷರು ಹೋಗಿ ಎಷ್ಟೋ ವರ್ಷವಾದರೂ, ಫಾರ್ಮ್ ಸಿಕ್ಸ್ ಇವತ್ತಿಗೂ ಇದೆ.

ಅಪ್ಪ ಮಾತ್ರ ಹಟ ಬಿಟ್ಟಿಲ್ಲ. ಟ್ರಂಕಿನ ಅಡಿಯಿಂದ ತಮ್ಮ ಎಸ್ಸೆಸ್ಸೆಲ್ಸಿ ಪುಸ್ತಕ ತೆಗೆದು, ಅಂಚು ಹುಳ ತಿಂದ ಆ ಪುಟದ ಫೋಟೋವನ್ನು ನನ್ನ ಕೈಲಿ ಮೊಮ್ಮಗಳಿಗೆ ವಾಟ್ಸಾಪ್ ಮಾಡಿಸಿದರು. ಲೆಕ್ಕದ ಮಾರ್ಕಿನ ಮೇಲೆ ಬೆರಳು ಇಟ್ಟುಕೊಂಡೇ ಫೋಟೋ ತೆಗೆಸಿದ್ದರು.

ಅವಳ ಉತ್ತರ ತಕ್ಷಣ ಬಂತು. "ಅಜ್ಜ, ಬೆರಳು ತೆಗೀರಿ. ಎಷ್ಟಂತ ಕಾಣ್ತಿಲ್ಲ."