ಭೂಕಂಪವೇ ಇಲ್ಲದ ದಿನ ನೆಲದೊಳಗಿನ ಬಿರುಕು ಅಳೆಯುವುದು ಹೇಗೆ?

ಓದುಗರ ಪ್ರಶ್ನೆ: ಭೂಕಂಪ ಆಗದ ದಿನವೂ ಸಿಸ್ಮೋಮೀಟರ್‌ನ (ನೆಲದ ಕಂಪನ ದಾಖಲಿಸುವ ಉಪಕರಣದ) ಗೆರೆ ಸಣ್ಣಗೆ ಅಲುಗುತ್ತಲೇ ಇರುತ್ತದಲ್ಲ, ಆ ಗದ್ದಲ ಎಲ್ಲಿಂದ ಬರುತ್ತದೆ? ಅದರಿಂದ ಏನಾದರೂ ಉಪಯೋಗ ಇದೆಯಾ?

ಖಂಡಿತ ಇದೆ. ಆ ಅಲುಗಾಟದ ದೊಡ್ಡ ಪಾಲು ಸಮುದ್ರದ್ದು. ಎದುರುಬದುರು ಬರುವ ಅಲೆಗಳು ಸೇರಿದಾಗ ಸಮುದ್ರತಳದ ಮೇಲಿನ ಒತ್ತಡ ಏರಿಳಿಯುತ್ತದೆ. ಅದರಿಂದ ಹುಟ್ಟುವ ಕಂಪನ ಕರಾವಳಿ ದಾಟಿ ಬಹಳ ದೂರ ಒಳನಾಡಿಗೂ ಬರುತ್ತದೆ. ಲಾರಿ, ರೈಲು, ಗಾಳಿಗೆ ತೂಗುವ ಮರಗಳ ಸಣ್ಣ ನಡುಕವೂ ಇದಕ್ಕೆ ಸೇರುತ್ತದೆ. ಭೂಕಂಪದ ಅಲೆ ಹುಡುಕುವವರಿಗೆ ಇದು ಬಹಳ ಕಾಲ ಅಡ್ಡಿಯಾಗಿತ್ತು, ಸೋಸಿ ತೆಗೆಯುತ್ತಿದ್ದರು.

ಎರಡು ಉಪಕರಣಗಳ ದಾಖಲೆಯನ್ನು ದಿನಗಟ್ಟಲೆ ಹೋಲಿಸಿ ನೋಡಿದರೆ ವಿಷಯವೇ ಬೇರೆ. ಮೊದಲನೆಯದನ್ನು ದಾಟಿದ ಕೆಲವು ಕಂಪನಗಳು ಸ್ವಲ್ಪ ಹೊತ್ತಿಗೆ ಎರಡನೆಯದನ್ನೂ ತಲುಪಿರುತ್ತವೆ. ಒಂದು ದಾಖಲೆಯನ್ನು ಇನ್ನೊಂದರ ಮೇಲೆ ಸರಿಸುತ್ತಾ ಎಲ್ಲಿ ಹೊಂದುತ್ತದೆ ಎಂದು ಲೆಕ್ಕ ಹಾಕಬೇಕು. ಹೊಂದದ ಗದ್ದಲ ಒಂದನ್ನೊಂದು ಅಳಿಸಿಹಾಕುತ್ತದೆ. ಉಳಿಯುವುದು ಮೊದಲ ಜಾಗದಲ್ಲಿ ನೆಲಕ್ಕೆ ಬಡಿದಿದ್ದರೆ ಎರಡನೆಯದಕ್ಕೆ ಬರುತ್ತಿದ್ದ ಅಲೆ! 2005ರಲ್ಲಿ ಭೂಕಂಪ ವಿಜ್ಞಾನಿ ನಿಕೊಲಾಯ್ ಶಪಿರೋ ಮತ್ತು ಸಂಗಡಿಗರು ಸುಮಾರು ಒಂದು ತಿಂಗಳ ಗದ್ದಲದಿಂದಲೇ ಕ್ಯಾಲಿಫೋರ್ನಿಯಾದ ನೆಲದೊಳಗಿನ ಚಿತ್ರ ತೆಗೆದು ತೋರಿಸಿದರು.

ಈಗ ಬಿರುಕಿನ ವಿಷಯ. ಫಾಲ್ಟ್, ಅಂದರೆ ಸ್ತರಭಂಗ, ಎರಡು ಬದಿಯ ಬಂಡೆ ಒಂದರ ಪಕ್ಕ ಒಂದು ಸರಿಯುವ ಬಿರುಕು. ನಕ್ಷೆಯಲ್ಲಿ ಅದು ಒಂದು ಗೆರೆ ಅಷ್ಟೇ. ನೆಲದಲ್ಲಿ ಅದರ ಅಕ್ಕಪಕ್ಕ ಎಷ್ಟೋ ಸಲ ನೂರಾರು ಮೀಟರ್‌ವರೆಗೆ ಬಂಡೆ ಜಜ್ಜಿಹೋಗಿರುತ್ತದೆ. ಗಡಿಗೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ, ಬಿರುಕಿದ್ದರೆ ಸದ್ದೇ ಹೇಳುತ್ತದೆ. ಬಂಡೆಯಲ್ಲಿ ಅದನ್ನು ಹೇಳುವುದು ಅಲೆಯ ವೇಗ. ಒಡೆದ ಬಂಡೆಯಲ್ಲಿ ಅಲೆ ನಿಧಾನವಾಗುತ್ತದೆ.

ನನಗೆ ಇದರಲ್ಲಿ ತುಂಬಾ ಮುಖ್ಯ ಅನ್ನಿಸುವುದು ಗದ್ದಲ ನಿಲ್ಲುವುದೇ ಇಲ್ಲ ಎಂಬುದು. ಹಾಗಾಗಿ ಅದೇ ಬಂಡೆಯನ್ನು ವರ್ಷಗಟ್ಟಲೆ, ಬಿಡದೆ ಪರೀಕ್ಷಿಸಬಹುದು. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ, ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಮೇಲೆ, ಫ್ಲೋರಾಂ ಬ್ರೆಂಗಿಯೇ ತಂಡ ಹೀಗೇ ಮಾಡಿತು. ಕೊಳವೆಬಾವಿಗಳಲ್ಲಿ ಇಳಿಸಿದ್ದ 13 ಉಪಕರಣಗಳ 2002ರಿಂದ 2007ರವರೆಗಿನ ದಾಖಲೆ ಅವರ ಕೈಲಿತ್ತು. 2003ರ ಡಿಸೆಂಬರ್‌ನಲ್ಲಿ ಹತ್ತಿರದ ಸ್ಯಾನ್ ಸಿಮಿಯನ್‌ನಲ್ಲಿ 6.5 ತೀವ್ರತೆಯ ಭೂಕಂಪ ಆದಾಗ ಅಲೆಯ ವೇಗ ಸುಮಾರು ಶೇ. 0.04ರಷ್ಟು ಕುಸಿಯಿತು. 2004ರ ಸೆಪ್ಟೆಂಬರ್ 28ರಂದು ಪಾರ್ಕ್‌ಫೀಲ್ಡ್‌ನಲ್ಲೇ 6.0 ತೀವ್ರತೆಯ ಭೂಕಂಪ ಆದಾಗ ಸುಮಾರು ಶೇ. 0.08. ಆಮೇಲೆ ವೇಗ ವರ್ಷಗಟ್ಟಲೆ ಮೆಲ್ಲಗೆ ಏರುತ್ತಾ ಹೋಯಿತು. ಅದೇ ಹೊತ್ತಿಗೆ ಜಿಪಿಎಸ್ ತೋರಿಸುತ್ತಿದ್ದ ನೆಲದ ನಿಧಾನ ಸರಿತವೂ ಇದೇ ಜಾಡಿನಲ್ಲಿತ್ತು.

ಇಷ್ಟು ಸಣ್ಣ ಬದಲಾವಣೆ ಗೊತ್ತಾಗುವುದು ಅಲೆಯ ಬಾಲದಿಂದ. ನೇರವಾಗಿ ಬಂದ ಅಲೆಯ ನಂತರ, ಬಂಡೆಯೊಳಗೆ ಅಲ್ಲಿಲ್ಲಿ ಬಡಿದು ತಡವಾಗಿ ಬರುವ ಭಾಗ ಅದು. ಜಾಸ್ತಿ ದಾರಿ ಸುತ್ತಿರುವುದರಿಂದ ಪುಟ್ಟ ವಿಳಂಬಗಳೆಲ್ಲ ಅದರಲ್ಲಿ ಕೂಡಿಕೊಂಡಿರುತ್ತವೆ. 10 ಸೆಕೆಂಡು ಸುತ್ತಿ ಬಂದ ಅಲೆ ಶೇ. 0.08 ನಿಧಾನವಾದರೆ 8 ಮಿಲಿಸೆಕೆಂಡು ತಡ. ಇದನ್ನು ಅಳೆಯಬಹುದು.

ಆದರೆ ವೇಗ ಇಳಿದ ಕೂಡಲೇ ಬಿರುಕು ಹೆಚ್ಚಿತು ಎನ್ನುವ ಹಾಗಿಲ್ಲ. ಮಳೆಗೆ ಅಂತರ್ಜಲ ಏರಿದರೂ, ಬಿಸಿಲಿಗೆ ಮೇಲ್ಪದರ ಹಿಗ್ಗಿದರೂ ವೇಗ ಬದಲಾಗುತ್ತದೆ. ಸಮುದ್ರದ ಗದ್ದಲ ಬರುವ ದಿಕ್ಕೂ ಋತುವಿಗೆ ತಕ್ಕ ಹಾಗೆ ಬದಲಾಗುತ್ತದೆ. ಇವನ್ನೆಲ್ಲ ಕಳೆದ ಮೇಲೆ ಉಳಿಯುವುದಷ್ಟೇ ಸ್ತರಭಂಗದ ಲೆಕ್ಕಕ್ಕೆ. ಮುಂದಿನ ಭೂಕಂಪ ಯಾವಾಗ ಎಂದು ಈ ವಿಧಾನ ಹೇಳುವುದಿಲ್ಲ. ಒಡೆದ ಬಂಡೆ ಎಷ್ಟು ಅಗಲ ಇದೆ, ಎಷ್ಟು ಬೇಗ ಮತ್ತೆ ಗಟ್ಟಿಯಾಗುತ್ತಿದೆ ಎಂಬುದನ್ನು ಹೇಳುತ್ತದೆ.