‘ಬೆಳಗಾಗಿ ನಾನೆದ್ದು’: ಮೂರು ಸಾಲಿನ ಒಂದು ಪದದ ಬಗ್ಗೆ ಟಿಪ್ಪಣಿ

ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಾಲಿ
ಎಳ್ಳು ಜೀರಿಗೆ ಬೆಳೆಯೋಳ | ಭೂಮ್ತಾಯ
ಎದ್ದೊಂದು ಗಳಿಗೆ ನೆನೆದೇನ

ಈ ತ್ರಿಪದಿಯನ್ನು ನಾವೆಲ್ಲ ಒಂದಲ್ಲ ಒಂದು ಕಡೆ ಕೇಳಿರುತ್ತೇವೆ. ಪರೀಕ್ಷೆಯಲ್ಲಿ ಬಂದರೆ ಬರೆಯುವ ಉತ್ತರವೂ ಸಿದ್ಧ: ‘ಜನಪದರು ಭೂಮಿಯನ್ನು ತಾಯಿಯಂತೆ ಕಂಡರು.’ ತಪ್ಪೇನಿಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದರೆ ಇದು ಕೆಲಸಕ್ಕೆ ಕೂತವಳ ಮಾತು ಅನ್ನೋದು ಮರೆತುಹೋಗುತ್ತದೆ.

ಹಿನ್ನೆಲೆ ಇಷ್ಟು. ಹಿಟ್ಟಿನ ಗಿರಣಿ ಬರುವ ಮುಂಚೆ ಆ ದಿನದ ಹಿಟ್ಟನ್ನು ಮನೆಯಲ್ಲೇ ಬೀಸಬೇಕಿತ್ತು. ಕೋಳಿ ಕೂಗುವ ಹೊತ್ತಿಗೆ ಹೆಂಗಸರು ಏಳುತ್ತಿದ್ದರು. ಬೀಸುವ ಕಲ್ಲಿನ ಎದುರುಬದುರು ಇಬ್ಬರು ಕೂತರೆ ಒಬ್ಬಳು ಎತ್ತಿದ ಪದವನ್ನು ಇನ್ನೊಬ್ಬಳು ಹಿಡಿಯುತ್ತಿದ್ದಳು. ಅಲ್ಲಿ ಹೆಚ್ಚು ಬಳಕೆಯಾದದ್ದು ತ್ರಿಪದಿ. ಪದ ಕಟ್ಟಿದವರ ಹೆಸರಿಲ್ಲ, ಊರಿಗೊಂದು ಪಾಠಾಂತರ ಇದೆ.

ಈಗ ಪದವನ್ನೇ ನೋಡೋಣ. ಮೊದಲ ಸಾಲು ಒಂದು ಪ್ರಶ್ನೆ. ‘ಯಾರ್ಯಾರ’ ಅಂದಾಗಲೇ ನೆನೆಯಬೇಕಾದವರ ಸಾಲು ಉದ್ದವಿದೆ ಅಂತ ಗೊತ್ತಾಗುತ್ತದೆ: ಮನೆದೇವರು, ಊರದೇವರು, ಹಿರಿಯರು. ಹಾಡುವವಳು ಅಷ್ಟು ಜನರಲ್ಲಿ ಒಬ್ಬಳನ್ನು ಆರಿಸಿಕೊಳ್ಳುತ್ತಾಳೆ. ಎಷ್ಟು ಹೊತ್ತಿಗೆ? ಒಂದು ಗಳಿಗೆ, ಅಂದರೆ 24 ನಿಮಿಷ. ಗಡಿಯಾರ ಹಿಡಿದು ಹೇಳಿದ ಮಾತಲ್ಲ ಬಿಡಿ, ‘ಸ್ವಲ್ಪ ಹೊತ್ತು’ ಅಂತಲೇ ಅರ್ಥ. ಆಮೇಲೆ ಕಸ, ನೀರು, ಒಲೆ ಕಾದಿರುತ್ತವೆ. ಭಕ್ತಿಗೂ ಇಲ್ಲಿ ಸಮಯದ ಮಿತಿ ಇದೆ. ನನಗೆ ಈ ಪದದಲ್ಲಿ ಜಾಸ್ತಿ ಹಿಡಿಸಿದ್ದು ಇದೇ.

ಇದನ್ನು ಬೆಳಗ್ಗೆ ಹೇಳುವ ‘ಸಮುದ್ರವಸನೇ ದೇವಿ’ ಶ್ಲೋಕದ ಪಕ್ಕ ಇಟ್ಟು ನೋಡಿ. ಅಲ್ಲಿ ಭೂಮಿ ಸಮುದ್ರವನ್ನು ಉಟ್ಟವಳು, ವಿಷ್ಣುವಿನ ಹೆಂಡತಿ. ಕಾಲಿಟ್ಟಿದ್ದಕ್ಕೆ ಅವಳಲ್ಲಿ ಕ್ಷಮೆ ಕೇಳುತ್ತೇವೆ. ನಮ್ಮ ಪದದಲ್ಲಿ ಅವಳಿಗೆ ಗಂಡನ ಗುರುತು ಬೇಕಿಲ್ಲ. ಅವಳು ಎಳ್ಳು ಜೀರಿಗೆ ಬೆಳೆಯುವವಳು, ಅಷ್ಟೇ. ಹೊಲದಲ್ಲಿ ದುಡಿಯುವ ಹೆಂಗಸನ್ನು ಕರೆದ ಹಾಗೇ ಇದೆ, ಅಲ್ವಾ? ಸೀಗಿ ಹುಣ್ಣಿಮೆಗೆ, ಎಳ್ಳಮಾಸೆಗೆ ಹೊಲಕ್ಕೆ ಹೋಗಿ ಚರಗ (ಭೂಮಿಗೆ ಕೊಡುವ ಎಡೆ) ಚೆಲ್ಲುವವರಿಗೆ ಈ ಸಲಿಗೆ ಹೊಸದಲ್ಲ.

ಜೋಳ, ರಾಗಿ ಬಿಟ್ಟು ಎಳ್ಳು ಜೀರಿಗೆ ಯಾಕೆ? ಬೊಗಸೆಗೆ ಸಾವಿರಾರು ಬರುವಷ್ಟು ಸಣ್ಣ ಕಾಳುಗಳು, ಅವನ್ನೂ ಅವಳೇ ಬೆಳೆಯುತ್ತಾಳೆ ಅನ್ನೋದು ಒಂದು ಓದು. ಇನ್ನೊಂದು ಕಾರಣ ಪ್ರಾಸ, ಅಂದರೆ ಸಾಲುಗಳ ಎರಡನೇ ಅಕ್ಷರ ಒಂದೇ ಆಗಿರುವುದು. ‘ಬೆಳಗಾಗಿ’ಯ ಎರಡನೇ ಅಕ್ಷರ ಳ, ‘ಎಳ್ಳು’ವಿನ ಎರಡನೆಯದೂ ಳ. ಮೂರನೇ ಸಾಲಿನಲ್ಲಿ ಈ ಪ್ರಾಸ ತಪ್ಪುತ್ತದೆ, ಆದರೆ ‘ಎಳ್ಳು’, ‘ಎದ್ದೊಂದು’ ಎರಡೂ ಎಕಾರದಿಂದ ಶುರುವಾಗಿ ಕಿವಿಯನ್ನು ಸಮಾಧಾನ ಮಾಡುತ್ತವೆ.

ಇಂಥ ಪದಗಳಿಗೆ ಓದುವವರ ಲೋಕದಲ್ಲಿ ಗೌರವ ಸಿಕ್ಕಿದ್ದು ತಡವಾಗಿ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಹೆಂಗಸರ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಸಂಕಲನ ತಂದರು. ‘ಜನವಾಣಿ ಬೇರು, ಕವಿವಾಣಿ ಹೂವು’ ಎಂಬ ಕವಿ ಬಿ.ಎಂ.ಶ್ರೀ. ಅವರ ಮಾತು ಇಂಥ ಹಾಡುಗಳಿಗೆ ಹೊಸ ಮರ್ಯಾದೆ ಕೊಟ್ಟಿತು. ಮುಂದೆ ನಮ್ಮ ಪದ ಪಠ್ಯಕ್ಕೆ ಬಂತು, ಸಭೆಗಳ ಪ್ರಾರ್ಥನೆಯಾಯಿತು. ವೇದಿಕೆಯಲ್ಲಿ ತಬಲಾ, ಹಾರ್ಮೋನಿಯಂ ಜೊತೆ ಕೇಳಿದರೆ ಅದು ಬರೀ ಸ್ತುತಿಯಾಗಿ ಕೇಳಿಸುತ್ತದೆ. ಕಲ್ಲಿನ ಸದ್ದು ಹೋದಮೇಲೆ ‘ಗಳಿಗೆ’ಯ ಅವಸರವೂ ಹೋಯಿತು.

ಕೊನೆಗೆ ಛಂದಸ್ಸು. ತ್ರಿಪದಿ ಅಂಶಗಣದ್ದು, ಅಂದರೆ ಸಾಲನ್ನು ‘ಅಂಶ’ ಎಂಬ ಉಚ್ಚಾರದ ತುಣುಕುಗಳ ಗುಂಪುಗಳಾಗಿ (ಗಣ) ಎಣಿಸುವಂಥದ್ದು. ಒಟ್ಟು 11 ಗಣ, ಸಾಲಿಗೆ 4, 4, 3. ಆರನೆಯದು, ಹತ್ತನೆಯದು ಬ್ರಹ್ಮಗಣ, ಅಂದರೆ ಎರಡು ಅಂಶ. ಉಳಿದವು ಮೂರು ಅಂಶದ ವಿಷ್ಣುಗಣ. ಗಣ ಲಘುವಿನಿಂದ (ಮುಂದೆ ಒತ್ತಕ್ಷರ ಇಲ್ಲದ ಹ್ರಸ್ವದಿಂದ) ಶುರುವಾದರೆ ಮೊದಲೆರಡು ಅಕ್ಷರ ಸೇರಿ ಒಂದು ಅಂಶ, ಉಳಿದಂತೆ ಅಕ್ಷರಕ್ಕೊಂದು. ಹಾಗೆ ಎಣಿಸಿದರೆ ಬೆಳಗಾಗಿ, ನಾನೆದ್ದು, ಯಾರ್ಯಾರ, ನೆನೆಯಾಲಿ ನಾಲ್ಕೂ ಸರಿಯಾಗಿ ಕೂರುತ್ತವೆ. ಮೂರನೇ ಸಾಲಿನ ‘ಗಳಿಗೆ’ ಎರಡೇ ಅಂಶದ ಬ್ರಹ್ಮಗಣ, ಹತ್ತನೇ ಜಾಗದಲ್ಲೇ ಇದೆ. ಎರಡನೇ ಸಾಲು ಮಾತ್ರ ಮೊಂಡು. ‘ಜೀರಿಗೆ’ ನಡುವೆ ಒಡೆದು ‘ಎಳ್ಳುಜೀ, ರಿಗೆಬೆ’ ಆಗುತ್ತದೆ. ‘ಳೆಯೋಳ’ದಲ್ಲಿ ಒಂದು ಅಂಶ ಕಡಿಮೆ, ಅದನ್ನು ಹಾಡುವವರು ಎಳೆದು ತುಂಬುತ್ತಾರೆ. ‘ಭೂಮ್ತಾಯ’ ಮೂರು ಅಂಶಕ್ಕೆ ಸರಿ. ಕೆಲವು ಮುದ್ರಣಗಳಲ್ಲಿ ತಿದ್ದಿ ‘ಭೂಮಿತಾಯಿ’ ಮಾಡಿರುತ್ತಾರೆ, ಆಗ ನಾಲ್ಕಾಗಿ ಗಣ ಕೆಡುತ್ತದೆ. ಪ್ರಸ್ತಾರ ಹಾಕುವಾಗ, ಅಂದರೆ ಸಾಲನ್ನು ಗಣಗಳಾಗಿ ಬಿಡಿಸುವಾಗ, ಆಡುಮಾತಿನ ರೂಪವನ್ನೇ ಇಟ್ಟುಕೊಳ್ಳಿ.