ಅಣುವಿನ ನಿಲುವು: ನಿಂತಿದೆಯೋ, ಮಲಗಿದೆಯೋ?

ಸಾವಯವ ಅರೆವಾಹಕಗಳ, ಅಂದರೆ ಒಂದು ಮಟ್ಟಿಗೆ ವಿದ್ಯುತ್ ಹರಿಸಬಲ್ಲ ಇಂಗಾಲದ ಅಣುಗಳ ವಸ್ತುಗಳ, ಬಗ್ಗೆ ಓದುವಾಗ ‘ಮಾಲಿಕ್ಯುಲರ್ ಓರಿಯೆಂಟೇಷನ್’ ಅನ್ನುವ ಮಾತು ಪದೇ ಪದೇ ಎದುರಾಗುತ್ತದೆ. ನಾನು ಅದನ್ನು ‘ಅಣುವಿನ ನಿಲುವು’ ಅನ್ನುತ್ತೇನೆ. ತೆಳುಪದರದಲ್ಲಿ ಅಣು ನಿಂತಿದೆಯೋ, ಮಲಗಿದೆಯೋ, ವಾಲಿದೆಯೋ? ಕೇಳುವುದು ಇಷ್ಟೇ.

ಚೆಂಡಿನಂಥ ಅಣುವಿಗೆ ಈ ಪ್ರಶ್ನೆಯೇ ಇಲ್ಲ. ಉದ್ದನೆಯದಕ್ಕೆ ಇದೆ. ಪೆಂಟಸೀನ್ ತೆಗೆದುಕೊಳ್ಳಿ. ಐದು ಬೆಂಜೀನ್ ಉಂಗುರಗಳು ಸಾಲಾಗಿ ಬೆಸೆದ ಚಪ್ಪಟೆ ಪಟ್ಟಿ ಅದು, ಉದ್ದ ಸುಮಾರು 1.5 ನ್ಯಾನೋಮೀಟರ್. ನಿರ್ವಾತದಲ್ಲಿ ಕಾಯಿಸಿದರೆ ಆವಿಯಾಗಿ ಹೋಗಿ ಎದುರಿನ ತಟ್ಟೆಯ ಮೇಲೆ ಕೂರುತ್ತದೆ. ತಟ್ಟೆ ಸಿಲಿಕಾನ್ ಡೈಆಕ್ಸೈಡ್ ಆದರೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ. ಶುದ್ಧ ಚಿನ್ನ ಅಥವಾ ತಾಮ್ರವಾದರೆ ಮೊದಲ ಪದರ ಅಂಗಾತ ಮಲಗುತ್ತದೆ.

ಯಾಕೆ ಹೀಗೆ? ಇದೊಂದು ಎಳೆದಾಟ. ಒಂದು ಕಡೆ ಕೆಳಗಿನ ತಟ್ಟೆ ಎಳೆಯುತ್ತದೆ, ಇನ್ನೊಂದು ಕಡೆ ಪಕ್ಕದ ಅಣುಗಳು. ಲೋಹದ ಎಲೆಕ್ಟ್ರಾನ್‌ಗಳಿಗೂ ಅಣುವಿನ ಚಪ್ಪಟೆ ಮುಖದ ಮೇಲೆ-ಕೆಳಗೆ ಹರಡಿಕೊಂಡಿರುವ ‘ಪೈ’ ಎಲೆಕ್ಟ್ರಾನ್‌ಗಳಿಗೂ ನಂಟು ಗಟ್ಟಿ. ಹಾಗಾಗಿ ಮೈಯೆಲ್ಲ ತಾಗಿಸಿ ಮಲಗುವುದೇ ಲಾಭ. ಆಕ್ಸೈಡ್‌ನ ಹಿಡಿತ ಸಡಿಲ. ಅಲ್ಲಿ ಪಕ್ಕದವರಿಗೆ ಒತ್ತಿಕೊಂಡು ನಿಂತರೇ ಜಾಸ್ತಿ ಲಾಭ. ಚಿನ್ನದ ಮೇಲೆ ಒಂಚೂರು ಕೊಳೆ ಕೂತಿದ್ದರೂ ಸಾಕು, ಅಲ್ಲೂ ಅಣು ಎದ್ದು ನಿಲ್ಲಬಹುದು!

ಟ್ರಾನ್ಸಿಸ್ಟರ್‌ನಲ್ಲಿ ಇದರ ತಲೆನೋವು ಚೆನ್ನಾಗಿ ಕಾಣುತ್ತದೆ. ಆಕ್ಸೈಡ್ ಮೇಲೆ ಚಿನ್ನದ ಎರಡು ಪಟ್ಟಿ, ಎಲ್ಲದರ ಮೇಲೂ ಪೆಂಟಸೀನ್. ನಡುವೆ ಅಣುಗಳು ನಿಂತಿವೆ, ಚಿನ್ನದ ಮೇಲೆ ಮಲಗಿವೆ. ಗಡಿಯಲ್ಲಿ ಎರಡೂ ಸಾಲು ಹೊಂದುವುದಿಲ್ಲ, ಪದರ ಚೂರುಚೂರಾಗಿ ಬೆಳೆಯುತ್ತದೆ. ವಿದ್ಯುತ್ ಒಳಗೆ ಹೋಗಬೇಕಾದ ಜಾಗದಲ್ಲೇ ಅಡ್ಡಿ. ಹಾಗಾಗಿ ಮೊದಲೇ ಚಿನ್ನಕ್ಕೆ ಥಯೋಲ್ (ಗಂಧಕದ ತುದಿಯಿಂದ ಚಿನ್ನಕ್ಕೆ ಅಂಟುವ) ಅಣುಗಳ ಒಂದೇ ಒಂದು ಪದರ ಹಚ್ಚುತ್ತಾರೆ. ಲೋಹದ ಸೆಳೆತ ಮರೆಯಾಗಿ, ಅಲ್ಲೂ ಪೆಂಟಸೀನ್ ಎದ್ದು ನಿಲ್ಲುತ್ತದೆ.

ಹಾಗಂತ ನಿಂತದ್ದೇ ಒಳ್ಳೆಯದು ಅಂತೇನಿಲ್ಲ. ವಿದ್ಯುತ್ ಸಲೀಸಾಗಿ ಹರಿಯುವುದು ಅಣುಗಳ ಚಪ್ಪಟೆ ಮುಖಗಳು ಒತ್ತಾಗಿ ಜೋಡಿಸಿಕೊಂಡ ದಿಕ್ಕಿನಲ್ಲಿ. ಟ್ರಾನ್ಸಿಸ್ಟರ್‌ನಲ್ಲಿ ಅದು ಅಡ್ಡಡ್ಡ ಹರಿಯಬೇಕು, ಹಾಗಾಗಿ ನಿಂತ ಅಣು ಬೇಕು. ಸೌರಕೋಶದಲ್ಲಿ ಮೇಲಿಂದ ಕೆಳಕ್ಕೆ ಹರಿಯಬೇಕು, ಅಲ್ಲಿ ಮಲಗಿದ್ದೇ ವಾಸಿ. ಮಲಗಿದ ಅಣು ಬೆಳಕನ್ನೂ ಚೆನ್ನಾಗಿ ಹೀರುತ್ತದೆ. ತಾಮ್ರದ ಥ್ಯಾಲೋಸಯನಿನ್ ಎಂಬ ನೀಲಿ ಬಣ್ಣದ ಚಪ್ಪಟೆ ಅಣು ಗಾಜಿನ ಮೇಲೆ ಸುಮ್ನೆ ಬಿಟ್ಟರೆ ನಿಲ್ಲುತ್ತದೆ. ಅದನ್ನು ಮಲಗಿಸಲು, ತಾನೇ ಚಪ್ಪಟೆಯಾಗಿ ಮಲಗುವ ಪಿಟಿಸಿಡಿಎ ಎಂಬ ಅಣುವಿನ ತೆಳು ಹಾಸಿಗೆಯನ್ನು ಮೊದಲು ಹಾಸುತ್ತಾರೆ. ಆಮೇಲೆ ಬಂದವೂ ಅದರ ಮೇಲೆ ಹಾಗೇ ಒರಗುತ್ತವೆ.